ಹಳೇ ಕ್ಯಾಸೆಟ್ಟು, ಫೋಟೋ ಡಿಜಿಟಲ್ ಮಾಡಿಸಿದ ಕಥೆ: ಮೈಸೂರಿನ ಒಂದು ಅಂಗಡಿಗೆ ಮೂರೂವರೆ ಸ್ಟಾರ್

ಅಂಗಡಿ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಲಸದಲ್ಲಿ ಒಂದು ದೊಡ್ಡ ಎಡವಟ್ಟಾಯಿತು. ಹೋಗಿ ಕೇಳಿದಾಗ ಮುಖ ಗಂಟು ಹಾಕಿಕೊಳ್ಳದೆ ಸರಿಮಾಡಿಕೊಟ್ಟರು. ಹಾಗಾಗಿ ಹೆಸರು ಹಾಕಿ ಮಾನ ಕಳೆಯಲು ಮನಸ್ಸಿಲ್ಲ. ಆದರೆ ಮನೆಯಲ್ಲಿ ಹಳೇ ಕ್ಯಾಸೆಟ್ಟು ಇಟ್ಟುಕೊಂಡು, ಇವನ್ನೆಲ್ಲ ಒಂದಿನ ಪೆನ್‌ಡ್ರೈವ್‌ಗೆ ಹಾಕಿಸಬೇಕು ಅಂತ ಹತ್ತು ವರ್ಷದಿಂದ ಅಂದುಕೊಳ್ಳುತ್ತಲೇ ಇರುವವರು ಬಹಳ ಜನ ಇದ್ದೀರಿ. ನಾನೂ ಅದೇ ಗುಂಪಿನವಳು. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮೂರು ಪಾಂಡವಪುರದ ಹತ್ತಿರ. ಹೋದ ವರ್ಷ ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಅದರೊಳಗೆ 11 ಕ್ಯಾಸೆಟ್ಟು. ಚಿಕ್ಕಪ್ಪ 1989ರಲ್ಲಿ ಚಿಕ್ಕತ್ತೆ ಮದುವೆಗೆ ಅಂತ ಎಲ್ಲಿಂದಲೋ ಒಂದು ಟೂ ಇನ್ ವನ್, ಅಂದರೆ ರೇಡಿಯೋ ಟೇಪ್‌ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ, ತಂದಿದ್ದರಂತೆ. ಮದುವೆ ಮುಗಿದ ಮೇಲೂ ಎರಡು ಮೂರು ವರ್ಷ ಸಿಕ್ಕಿದ್ದನ್ನೆಲ್ಲ ರೆಕಾರ್ಡ್ ಮಾಡಿದ್ದಾರೆ. ಅಜ್ಜಿ ಮತ್ತು ಊರಿನ ಹೆಂಗಸರು ಹಾಡಿದ ಸೋಬಾನೆ ಪದ ಆರು ಕ್ಯಾಸೆಟ್ಟಿನಲ್ಲಿದೆ. ಎರಡರಲ್ಲಿ ಮನೆ ಬಾಗಿಲಿಗೆ ಬಂದ ದೇವರ ಗುಡ್ಡರು ಹಾಡಿದ ಮಾದೇಶ್ವರನ ಕಥೆ, ಕಂಸಾಳೆ ಸಮೇತ. ಉಳಿದದ್ದು ಬಹುತೇಕ ಸುಮ್ನೆ ಮನೆ ಮಾತು. ಖಾಲಿ ಕ್ಯಾಸೆಟ್ಟಿಗೆ ದುಡ್ಡೆಲ್ಲಿತ್ತು, ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲ್ಗಡೆ ಎರಡು ತೂತಿರುತ್ತಲ್ಲ, ಅದಕ್ಕೆ ಕಾಗದ ತುರುಕಿ ಮೇಲೆ ಪ್ಲಾಸ್ಟರ್ ಅಂಟಿಸಿ ಅದರ ಮೇಲೇ ರೆಕಾರ್ಡ್ ಮಾಡಿದ್ದಾರೆ. ಹಾಗಾಗಿ ಅಜ್ಜಿ ಅರಿಸಿನ ಹಚ್ಚುವ ಹಾಡು ನಿಲ್ಲಿಸಿದ ತಕ್ಷಣ ಪಿಟೀಲು, ತಬಲಾ ಸಮೇತ ಡ್ಯುಯೆಟ್ಟು ಮಧ್ಯದಿಂದ ಶುರುವಾಗುತ್ತದೆ. ಮೊದಲ ಸಲ ಕೇಳಿದಾಗ ನಗು ತಡೆಯಲಾಗಲಿಲ್ಲ.

ಇದರ ಜತೆಗೆ 64 ಫೋಟೋ, ಮತ್ತೆ ತಾತನ ಒಂದು ನೋಟ್‌ಬುಕ್ಕು, 112 ಪುಟ. ಅದರಲ್ಲಿ ತತ್ವಪದ ಇದೆ, ದನದ ಕಾಲುಬಾಯಿ ಜ್ವರಕ್ಕೆ ಮದ್ದಿದೆ, ಆಲೆಮನೆಯಲ್ಲಿ ಎಷ್ಟು ಅಚ್ಚು ಬೆಲ್ಲ ಇಳಿಯಿತು ಅನ್ನುವ ಲೆಕ್ಕವಿದೆ. ಯಾರು ಸಾಲ ತಗೊಂಡು ಕೊಟ್ಟಿಲ್ಲ ಅನ್ನುವುದೂ ಇದೆ, ಅದನ್ನು ಮಾತ್ರ ಯಾರಿಗೂ ತೋರಿಸಿಲ್ಲ.

ಅಂಗಡಿ ಇರುವುದು ಅಗ್ರಹಾರದ ಕಡೆ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಯಜಮಾನರು ಮೊದಲು ಮದುವೆ ವಿಡಿಯೋ ತೆಗೆಯುತ್ತಿದ್ದವರು. ವಿಎಚ್‌ಎಸ್ ಕಾಲ ಮುಗಿದ ಮೇಲೆ ಜನ ಹಳೇ ಮದುವೆ ಕ್ಯಾಸೆಟ್ಟನ್ನು ಸಿಡಿಗೆ ಹಾಕಿಕೊಡಿ ಅಂತ ಬರತೊಡಗಿದರಂತೆ. ಹಾಗೇ ಇದೇ ಕಸುಬಾಯಿತು. ಗೋಡೆಗೆ ಆನಿಸಿ ಎರಡು ಕ್ಯಾಸೆಟ್ ಡೆಕ್, ಮೂರು ವಿಎಚ್‌ಎಸ್ ಪ್ಲೇಯರ್, ಒಂದು ದೊಡ್ಡ ಸ್ಕ್ಯಾನರ್. ಬೆಂಚಿನ ಕೆಳಗೆ ಬಿಡಿಭಾಗಕ್ಕೆ ಅಂತ ಇಟ್ಟ ಸತ್ತ ಡೆಕ್‌ಗಳ ರಾಶಿ. ಇಂಥ ಡೆಕ್ಕಿನ ಬೆಲ್ಟು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ, ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕುತ್ತಾರೆ. ಒಬ್ಬ ಹುಡುಗ ಇದ್ದಾನೆ, ಕಂಪ್ಯೂಟರ್ ಕೆಲಸ ಎಲ್ಲ ಅವನದು. ಈ ಕೆಲಸ ಹಂಚಿಕೆಯಲ್ಲೇ ಎಡವಟ್ಟು ಇದ್ದದ್ದು, ಮುಂದೆ ಹೇಳುತ್ತೇನೆ.

ರೇಟು: ಕ್ಯಾಸೆಟ್ಟಿಗೆ 250 ರೂಪಾಯಿ, ಫೋಟೋಗೆ 12, ನೋಟ್‌ಬುಕ್ ಪುಟಕ್ಕೆ 6, ಪೆನ್‌ಡ್ರೈವ್ ಅವರದ್ದೇ ಆದರೆ 450. ಓಡದ ಕ್ಯಾಸೆಟ್ಟಿಗೆ ದುಡ್ಡಿಲ್ಲ. ನನ್ನದು ಒಂದು ಓಡಲಿಲ್ಲ, ಒಟ್ಟು 4,390 ಆಯಿತು. ಕ್ಯಾಸೆಟ್ಟಿಗೆ 250 ಜಾಸ್ತಿ ಅಲ್ವಾ ಅಂತ ನಾನೂ ಚೌಕಾಸಿ ಮಾಡಿದೆ. ಅವರು ಕೂರಿಸಿ ತೋರಿಸಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಕ್ಯಾಸೆಟ್ಟನ್ನು ಫೋಟೋ ಥರ ಒಂದೇ ಏಟಿಗೆ ಕಾಪಿ ಹೊಡೆಯಲು ಆಗುವುದಿಲ್ಲ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಅದೇ ವೇಗದಲ್ಲಿ ಪೂರ್ತಿ ಓಡಿಸಿಯೇ ಇಳಿಸಿಕೊಳ್ಳಬೇಕು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ. ಓಡಿಸುವ ಮೊದಲು ಅವರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ಬೂಷ್ಟು ಬಂದಿದೆಯಾ ನೋಡಿದರು. ಬೂಷ್ಟು ಬಂದದ್ದನ್ನು ಹಾಗೇ ಹಾಕಿದರೆ ಡೆಕ್ಕಿನ ಹೆಡ್ಡಿಗೆ, ಅಂದರೆ ಟೇಪಿನಿಂದ ಸದ್ದು ಓದುವ ಭಾಗಕ್ಕೆ, ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದಂತೆ. ಎರಡು ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಉಣ್ಣೆ ತುಂಡು ಬಿದ್ದು ಹೋಗಿತ್ತು. ಬೇರೆ ಹಾಳು ಕ್ಯಾಸೆಟ್ಟಿನಿಂದ ಚಿಮಟದಲ್ಲಿ ಕಿತ್ತು ಅಂಟಿಸಿದರು. ಹಳೇ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು.

ಆಮೇಲೆ ಒಂದು ಕೆಲಸ ಮಾಡಿದರು, ನನಗೆ ತುಂಬಾ ಇಷ್ಟವಾಯಿತು. ಕ್ಯಾಸೆಟ್ಟು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಅಲ್ಲೀವರೆಗೆ ಅಜ್ಜಿ ದನಿ ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಸ್ಕ್ರೂ ತಿರುಗುತ್ತಿದ್ದ ಹಾಗೆ ಕಂಬಳಿ ಸರಿಯಿತು. ಹಿಂದೆ ಬಳೆ ಸದ್ದು ಕೇಳಿತು. ರೆಕಾರ್ಡ್ ಮಾಡಿದ ಟೂ ಇನ್ ವನ್ ಹೆಡ್ಡು ಯಾವ ಕೋನದಲ್ಲಿ ಕೂತಿತ್ತೋ ಈ ಡೆಕ್ಕಿನದೂ ಅದೇ ಕೋನಕ್ಕೆ ಬಂದರೆ ಮಾತ್ರ ಮೇಲಿನ ಸ್ವರ ಎಲ್ಲ ಬರುತ್ತದಂತೆ. ಇದನ್ನು ಒಂದೊಂದು ಕ್ಯಾಸೆಟ್ಟಿಗೂ ಕಿವಿಯಲ್ಲೇ ಕೇಳಿ ಮಾಡುತ್ತಾರೆ. "ಆಕಾಶವಾಣಿ ಹುಟ್ಟಿದ್ದೇ ನಮ್ಮೂರಲ್ಲಿ ಮೇಡಂ, ನಮ್ಮ ಕಿವಿ ಸುಮ್ನೇನಾ" ಅಂದರು. ಹೌದು, 1935ರಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರುಮಾಡಿದ್ದು. ಇಲ್ಲಿಯವರೆಗೂ ನನ್ನ ಲೆಕ್ಕದಲ್ಲಿ ಐದಕ್ಕೆ ಐದು.

ಎರಡು ವಾರ ಬಿಟ್ಟು ಪೆನ್‌ಡ್ರೈವ್ ಕೊಟ್ಟರು. ಮನೆಗೆ ಬಂದು ಹಾಕಿ ನೋಡಿದರೆ ಎಲ್ಲ ಎಂಪಿ3, ಅಂದರೆ ಜಾಗ ಉಳಿಸಲು ಸದ್ದನ್ನು ಕುಗ್ಗಿಸಿದ ಫೈಲು, ಒಟ್ಟು 650 ಎಂಬಿ ಆಸುಪಾಸು. 12 ಗಂಟೆಯ ಕ್ಯಾಸೆಟ್ಟಿಗೆ ಅಷ್ಟೇನಾ ಅನ್ನಿಸಿತು. ಇರಲಿ ಅಂತ ಮೊದಲು ಕಂಸಾಳೆಯದ್ದು ಹಾಕಿದೆ.

ಕಂಸಾಳೆ ಗೊತ್ತಿಲ್ಲದವರಿಗೆ: ಕೈಯಲ್ಲಿ ಒಂದು ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಒಂದಕ್ಕೊಂದು ಬಡಿದರೆ ಝಣ್ ಅಂತ ಶುರುವಾಗಿ ಆ ನಾದ ಗಾಳಿಯಲ್ಲಿ ತುಸು ಹೊತ್ತು ನಿಲ್ಲಬೇಕು. ಮುಂದಿನ ಏಟು ಅದರ ಬಾಲ ಹಿಡಿದು ಬರಬೇಕು. ಪೆನ್‌ಡ್ರೈವಿನಲ್ಲಿ ನನಗೆ ಕೇಳಿಸಿದ್ದು ಟಪ್, ಟಪ್. ಯಾರೋ ಹೆಂಚಿನ ಮೇಲೆ ಕಡ್ಡಿಯಲ್ಲಿ ತಟ್ಟಿದ ಹಾಗೆ. ಹಾಡುವವರ ದನಿ ನೀರಿನೊಳಗಿಂದ ಬಂದ ಹಾಗೆ ಗುಳುಗುಳು. ನಾನೇ ಅಂಗಡಿಯಲ್ಲಿ ಕೂತು ಕೇಳಿದ್ದೆನಲ್ಲ, ಅಲ್ಲಿ ಹೀಗಿರಲಿಲ್ಲ.

ಸೋಬಾನೆಯದ್ದು ಇನ್ನೊಂದು ಥರ. ಹಾಡೇನೋ ಇದೆ. ಆದರೆ ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಶುರು. ಮಧ್ಯೆ ಅಜ್ಜಿ ಉಸಿರು ತೆಗೆದುಕೊಂಡಿದ್ದು, ಯಾರೋ ಮುಂದಿನ ಸಾಲು ಮರೆತು ನಕ್ಕಿದ್ದು, "ತಡೀರೇ, ಎಲೆಅಡಿಕೆ ಉಗುದ್ಬುಟ್ ಬತ್ತೀನಿ" ಅಂದದ್ದು, ಎಲ್ಲ ಮಾಯ. ಅದನ್ನೂ ಅಂಗಡಿಯಲ್ಲಿ ಕೇಳಿದ್ದೆ, ಅದಕ್ಕೇ ಕಣ್ಣಲ್ಲಿ ನೀರು ಬಂದಿತ್ತು.

ಮರುದಿನವೇ ಹೋದೆ. ಹುಡುಗನ ಮೇಲೆ ರೇಗುವ ಮನಸ್ಸಿತ್ತು, ಆದರೆ ಅವನು ಎಷ್ಟು ಖುಷಿಯಿಂದ ತೋರಿಸಿದ ಅಂದರೆ ಬೈಯಲು ಆಗಲಿಲ್ಲ. ಎಕ್ಸ್‌ಟ್ರಾ ಕೆಲಸ ಮಾಡಿದ್ದೇನೆ ಮೇಡಂ, ಅದಕ್ಕೆ ಚಾರ್ಜೂ ಮಾಡಿಲ್ಲ ಅಂದ. ಕ್ಯಾಸೆಟ್ಟಿನ ಸುಯ್ ಅನ್ನುವ ಸದ್ದು ತೆಗೆಯಲು ಒಂದು ಸಾಫ್ಟ್‌ವೇರ್ ಇದೆ. ಹಾಡಿಲ್ಲದ ಜಾಗದ ಒಂದು ತುಂಡು ತೋರಿಸಿ "ಇದು ಕಸ" ಅಂತ ಹೇಳಿಕೊಟ್ಟರೆ, ಅಂಥದ್ದನ್ನೆಲ್ಲ ಪೂರ್ತಿ ಫೈಲಿನಿಂದ ಗುಡಿಸಿ ಹಾಕುತ್ತದೆ. ತೊಂದರೆ ಏನಪ್ಪಾ ಅಂದರೆ ಟೇಪಿನ ಸುಯ್ ಎದ್ದು ಕೇಳುವುದೂ ಮೇಲಿನ ಸ್ವರದಲ್ಲೇ, ಕಂಚಿನ ನಾದದ ಬಾಲ ಇರುವುದೂ ಅಲ್ಲೇ. ಪೊರಕೆಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಿಲ್ಲ. ಇನ್ನು ಖಾಲಿ ಜಾಗ ಕತ್ತರಿಸುವ ಬಟನ್ ಒತ್ತಿದ್ದಾನೆ. ಒಂದು ಮಟ್ಟಕ್ಕಿಂತ ಸಣ್ಣ ಸದ್ದೆಲ್ಲ ಅದಕ್ಕೆ ಖಾಲಿಯೇ. ಮೈಕಿನಿಂದ ದೂರ ಕೂತು ಮಾತಾಡಿದ ಹೆಂಗಸರೆಲ್ಲ ಅದರ ಪ್ರಕಾರ ಅಲ್ಲಿ ಇರಲೇ ಇಲ್ಲ.

ಯಜಮಾನರು ಹೆಡ್‌ಫೋನ್ ಹಾಕಿಕೊಂಡು ಅರ್ಧ ನಿಮಿಷ ಕೇಳಿದರು. ಕಳಚಿ ಇಟ್ಟು ಹುಡುಗನ ಕಡೆ ನೋಡಿ "ಏನಪ್ಪಾ ಇದು, ಗಾಡಿ ತೊಳೀಲಿಕ್ಕೆ ಹೋಗಿ ಬಣ್ಣಾನೂ ಉಜ್ಜಿ ಹಾಕಿದ್ದೀಯಲ್ಲ" ಅಂದರು. ಅಷ್ಟೇ. ಪುಣ್ಯಕ್ಕೆ ಮೊದಲು ಇಳಿಸಿಕೊಂಡ ಫೈಲು ಅಳಿಸಿರಲಿಲ್ಲ, ತಿಂಗಳಿಗೊಮ್ಮೆ ಅಳಿಸುತ್ತಾರಂತೆ. ನಾನು ಪೆನ್‌ಡ್ರೈವ್ ಹಾಗೇ ಬೀರುವಿನಲ್ಲಿಟ್ಟು ಯುಗಾದಿಗೆ ಕೇಳೋಣ ಅಂದುಕೊಂಡಿದ್ದರೆ ಮತ್ತೆ ಎಲ್ಲ ಓಡಿಸಬೇಕಿತ್ತು. ಏನೂ ಕುಗ್ಗಿಸದ ಮೂಲದ ವೇವ್ ಫೈಲು ಅವತ್ತೇ ಹಾಕಿಕೊಟ್ಟರು, ಏಳೂವರೆ ಜಿಬಿ. ದುಡ್ಡು ಕೇಳಲಿಲ್ಲ. ಸುಯ್ ಅನ್ನುತ್ತದೆ, ಅನ್ನಲಿ ಬಿಡಿ.

ಹಾಗಾಗಿ ಯಾವ ಅಂಗಡಿಗೇ ಹೋಗಿ, "ಏನೂ ಕ್ಲೀನ್ ಮಾಡದ ವೇವ್ ಫೈಲು ಬೇಕು" ಅಂತ ಮೊದಲೇ ಹೇಳಿ, ರಸೀದಿ ಮೇಲೆ ಬರೆಸಿಕೊಳ್ಳಿ. ಕ್ಲೀನ್ ಮಾಡಿದ್ದು ಬೇಕಿದ್ದರೆ ಇನ್ನೊಂದು ಕಾಪಿ ಕೇಳಿ. ಮೂಲ ಇದ್ದರೆ ನಾಳೆ ಇನ್ನೂ ಒಳ್ಳೇ ಸಾಫ್ಟ್‌ವೇರ್ ಬಂದಾಗ ಮತ್ತೆ ಮಾಡಿಸಬಹುದು. ಎಂಪಿ3 ಒಂದೇ ಇದ್ದರೆ, ಹೋಗಿದ್ದು ಹೋಯಿತು.

ಫೋಟೋ ವಿಷಯ ಬೇಗ ಮುಗಿಸುತ್ತೇನೆ. 300 ಡಿಪಿಐಗೆ, ಅಂದರೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿದ್ದರು. ದೊಡ್ಡ ಫೋಟೋಗೆ ಸಾಕು. ನಮ್ಮ ಹಳೇ ಫೋಟೋ ಅರ್ಧಕ್ಕರ್ಧ ಅಂಗೈಗಿಂತ ಚಿಕ್ಕವು, ಅವಕ್ಕೆ 600 ಆದರೂ ಬೇಕು. ಅದಕ್ಕಿಂತ ಬೇಜಾರಾಗಿದ್ದು ಹಿಂಬದಿ ಸ್ಕ್ಯಾನ್ ಮಾಡದೇ ಇದ್ದದ್ದು. ತಾತ ಪ್ರತಿ ಫೋಟೋ ಹಿಂದೆ ಯಾರು, ಯಾವ ಊರಿನಲ್ಲಿ ಅಂತ ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಹಿಂದೆ ಮುಂದೆ ಎರಡೂ ಅಂದರೆ ಎರಡು ಫೋಟೋ ಲೆಕ್ಕ ಅಂದರು. ಅದು ನನಗೆ ಸರಿ ಕಾಣಲಿಲ್ಲ, ಅರ್ಧ ಸ್ಟಾರ್ ಅಲ್ಲಿ ಹೋಯಿತು. ಹಿಂಬದಿ ನಾನೇ ಮನೆಯಲ್ಲಿ ಮೊಬೈಲಿನಲ್ಲಿ, ಕಿಟಕಿ ಬೆಳಕಿನಲ್ಲಿ ತೆಗೆದುಕೊಂಡೆ. ಓದಲು ಬರುತ್ತದೆ, ಸಾಕು.

ನೋಟ್‌ಬುಕ್ಕಿನ ಸ್ಕ್ಯಾನ್ ಚೆನ್ನಾಗಿ ಬಂದಿದೆ, ಅದರಲ್ಲಿ ಮಾತಿಲ್ಲ. ಹೊಲಿಗೆ ಬಿಚ್ಚದೆ, ಪುಟ ಪೂರ್ತಿ ಒತ್ತದೆ ಮಾಡಿದ್ದಾರೆ. ಅಕ್ಷರ ಟೈಪ್ ಆಗಿ ಬರುತ್ತದಾ ಅಂತ ಕೇಳಿದೆ. ಅಚ್ಚಾದ ಕನ್ನಡ ಪುಸ್ತಕವನ್ನು ಕಂಪ್ಯೂಟರ್ ಈಗ ಸುಮಾರಾಗಿ ಓದುತ್ತದೆ, ತಾತನ ಕೈಬರಹ ಅದರಪ್ಪನಿಗೂ ಆಗಲಿಲ್ಲ. "ಕಡ್ಲೆಹಿಂಡಿ" ಅನ್ನುವುದನ್ನು ಏನೇನೋ ಮಾಡಿಟ್ಟಿತ್ತು. ನಾನೇ ದಿನಕ್ಕೆ ಎರಡು ಪುಟ ಟೈಪ್ ಮಾಡುತ್ತಿದ್ದೇನೆ.

ಇನ್ನೊಂದು ಕಿರಿಕಿರಿ. ಫೈಲುಗಳ ಪಟ್ಟಿಯನ್ನು ಹುಡುಗ ಕನ್ನಡದಲ್ಲೇ ಟೈಪ್ ಮಾಡಿಕೊಟ್ಟಿದ್ದ, ಸಂತೋಷ. ಆದರೆ ಹಳೇ ನುಡಿ ಫಾಂಟಿನಲ್ಲಿ, ಈಗಿನ ಮೊಬೈಲು ಕಂಪ್ಯೂಟರೆಲ್ಲ ಓದುವ ಯೂನಿಕೋಡ್ ಅಲ್ಲ. ನನ್ನ ಮೊಬೈಲಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಕಲಸನ್ನ. ಇವತ್ತೇ ಹೀಗಾದರೆ ಇಪ್ಪತ್ತು ವರ್ಷ ಬಿಟ್ಟು ಯಾರು ಓದುತ್ತಾರೆ ಹೇಳಿ. ಓದಿದರೂ ಅದರಲ್ಲಿ ಇದ್ದದ್ದು "ಹಾಡು 1, ಹಾಡು 2" ಅಂತ ಅಷ್ಟೇ. ಅವರ ತಪ್ಪಲ್ಲ, ಹೆಸರು ಹೇಳಬೇಕಾದವಳು ನಾನು, ನನಗೇ ಗೊತ್ತಿರಲಿಲ್ಲ.

ಇಲ್ಲೇ ಮೈಸೂರಿನಲ್ಲಿ ಓರಿಯೆಂಟಲ್ ಲೈಬ್ರರಿ ಇದೆಯಲ್ಲ, 1891ರಲ್ಲಿ ಶುರುವಾಗಿದ್ದು, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿದ್ದು ಅಲ್ಲೇ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಕಟ್ಟು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೂತು ಓದಿ ಇದು ಇಂಥದ್ದು ಅಂತ ಗುರುತು ಹಿಡಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅವರು ಗುರುತು ಹಿಡಿಯದೇ ಇದ್ದಿದ್ದರೆ ಅದೂ ನೂರಾರು ಕಟ್ಟಿನ ನಡುವೆ ಒಂದು ಕಟ್ಟು. ನಮ್ಮ "ಹಾಡು 1" ಅನ್ನು ಅರ್ಥಶಾಸ್ತ್ರಕ್ಕೆ ಹೋಲಿಸುತ್ತಿಲ್ಲ, ನಗಬೇಡಿ. ಆದರೆ ಪೆನ್‌ಡ್ರೈವ್ ಹಿಡಿದು ಬಸ್ಸು ಹತ್ತಿ ಊರಿಗೆ ಹೋಗಲು ತಲೆಗೆ ಹೊಳೆದದ್ದು ಇದೇ ವಿಷಯ.

ದೊಡ್ಡತ್ತೆಗೆ ಈಗ 78. ಕಣ್ಣು ಮಂಜು, ಕಿವಿ ಚುರುಕು. ಜಗಲಿ ಮೇಲೆ ಸಣ್ಣ ಸ್ಪೀಕರ್ ಇಟ್ಟು ಹಾಕಿದೆ. ಮೊದಲ ಸಾಲಿಗೇ "ನಮ್ಮವ್ವ ಕಣ್ ಮಗಾ" ಅಂದು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸುಧಾರಿಸಿಕೊಂಡು ಒಂದೊಂದೇ ದನಿ ಬಿಡಿಸಿ ಹೇಳತೊಡಗಿದರು. ಸೊಲ್ಲು ಎತ್ತಿಕೊಡುವುದು ಅಜ್ಜಿ, ಹಿಂದೆ ಕೀರಲು ದನಿಯವರು ಕೆಳಗಲ ಮನೆಯವರು, ತಡವಾಗಿ ಸೇರಿಕೊಳ್ಳುವವರು ಸೊಸೆಯಾಗಿ ಆಗಷ್ಟೇ ಬಂದವರು, ಪದ ಇನ್ನೂ ಬಾಯಿಗೆ ಹತ್ತಿರಲಿಲ್ಲವಂತೆ. ಹಸೆಗೆ ಕರೆಯುವ ಹಾಡು ಯಾವುದು, ಬಾಗಿನದ್ದು ಯಾವುದು ಅಂತಲೂ ಹೇಳಿದರು. ನಾನು ಎಲ್ಲವನ್ನೂ ಮದುವೆಯ ಹಾಡು ಅಂತ ಒಂದೇ ಗಂಟು ಕಟ್ಟಿದ್ದೆ. ಆ ಹುಡುಗನ ಸಾಫ್ಟ್‌ವೇರ್ ಕತ್ತರಿಸಿ ಬಿಸಾಕಿತ್ತಲ್ಲ, ಆ ಮಧ್ಯದ ಮಾತಿನಿಂದಲೇ ಅರ್ಧ ಜನರ ಗುರುತು ಸಿಕ್ಕಿದ್ದು. ಹಾಡುವಾಗ ಎಲ್ಲರ ದನಿಯೂ ಕೂಡಿಕೊಂಡಿರುತ್ತದೆ, ಮಾತಾಡುವಾಗ ಬೇರೆ ಬೇರೆ.

ಎರಡು ಭಾನುವಾರ ಹಿಡಿಯಿತು. ಈಗ ಪ್ರತಿ ವೇವ್ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಒಂದು ಸಾದಾ ಟೆಕ್ಸ್ಟ್ ಫೈಲು, ಯೂನಿಕೋಡ್ ಕನ್ನಡದಲ್ಲಿ: ಯಾರು ಹಾಡಿದ್ದು, ಯಾವ ಊರು, ಯಾವ ಶಾಸ್ತ್ರದಲ್ಲಿ, ರೆಕಾರ್ಡ್ ಮಾಡಿದವರು ಯಾರು. ಮೂರು ಕಾಪಿ, ಒಂದು ನನ್ನ ಹತ್ತಿರ, ಒಂದು ಊರಲ್ಲಿ, ಒಂದು ಬೆಂಗಳೂರಿನಲ್ಲಿರುವ ತಮ್ಮನ ಹತ್ತಿರ. ಕ್ಯಾಸೆಟ್ಟುಗಳನ್ನು ಬಿಸಾಕಿಲ್ಲ. ಒಂದು ವಿಷಯ, ವಾಟ್ಸಾಪಿನಲ್ಲಿ ಆಡಿಯೋ ತುಂಡು ಹಂಚಿಕೊಳ್ಳಿ, ಆದರೆ ಅದನ್ನೇ ಕಾಪಿ ಅಂದುಕೊಳ್ಳಬೇಡಿ. ಮೊಬೈಲ್ ಬದಲಾಯಿಸಿದ ದಿನ ಅದು ಹೋದರೂ ಹೋಯಿತು.

ನೆಟ್ಟಿಗೆ ಹಾಕುವ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಚಿಕ್ಕಪ್ಪನ ಮಗ ಎಲ್ಲವನ್ನೂ ಯೂಟ್ಯೂಬಿಗೆ ಹಾಕೋಣ ಅಂದ. ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ವೇವ್ ಫೈಲನ್ನೇ ಹಾಗೇ ಇಡಬಹುದು, ಹುಡುಕುವವರಿಗೂ ಸಿಗುತ್ತದೆ ಅಂತ ನಾನಂದೆ. ದೊಡ್ಡತ್ತೆ ಮಾತ್ರ, ಹಾಕಿ, ಆದ್ರೆ ಬೀಗರ ಹಾಡು ಬ್ಯಾಡ ಅಂದರು. ಅದರಲ್ಲಿ ಗಂಡಿನ ಕಡೆಯವರ ಹೆಸರು ಹಿಡಿದು, ಅವರ ಹೊಟ್ಟೆ, ಮೀಸೆ, ಜಿಪುಣತನ ಎಲ್ಲ ಆಡಿಕೊಂಡಿದ್ದಾರೆ. 1989ರಲ್ಲಿ ಚಪ್ಪರದ ಕೆಳಗೆ ನಗು ಬಂತು, ಈಗ ಅವರ ಮೊಮ್ಮಕ್ಕಳು ಮೊಬೈಲಿನಲ್ಲಿ ಕೇಳಿದರೆ ಸಂಬಂಧ ಕೆಡುತ್ತದೆ ಅಂತ. ನ್ಯಾಯವಾದ ಮಾತು. ಹಾಡಿದವರಲ್ಲಿ ಬದುಕಿರುವ ಮೂವರನ್ನೂ ಕೇಳಿ, ಒಪ್ಪಿದ್ದನ್ನಷ್ಟೇ, ಹೆಸರು ಸಮೇತ ಹಾಕುವುದು ಅಂತ ತೀರ್ಮಾನವಾಯಿತು. ನಮ್ಮ ಮಂಡ್ಯ ಜಿಲ್ಲೆಯವರೇ ಆದ ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕ ಅನ್ನುವ ಜಾನಪದ ಸಂಗ್ರಹಾಲಯಕ್ಕೂ ಒಂದು ಕಾಪಿ ಕೊಡುವ ಆಸೆ ಇದೆ. ಬೆಂಗಳೂರಿಗೆ ಹೋಗುವಾಗ ಹಳೇ ರಸ್ತೆಯಲ್ಲಿ ಹೋದರೆ ದಾರಿಯಲ್ಲೇ ಸಿಗುತ್ತದೆ.

ಮತ್ತೆ ಅಂಗಡಿ ವಿಷಯ. ಮೂರೂವರೆ ಯಾಕೆ ಅಂದರೆ, ಯಜಮಾನರ ಕೈಗೆ, ಕಿವಿಗೆ ಐದು ಕೊಡಬಹುದು. ಕೇಳದೆ ಕ್ಲೀನ್ ಮಾಡಿದ್ದಕ್ಕೆ ಒಂದು, ಫೋಟೋ ಹಿಂಬದಿಗೆ ಅರ್ಧ ಕಳೆದೆ. ಮತ್ತೆ ಹೋಗುತ್ತೀಯಾ ಅಂದರೆ ಹೋಗುತ್ತೇನೆ, ಹೋಗಲೇಬೇಕು. ಓಡದ ಆ ಒಂದು ಕ್ಯಾಸೆಟ್ಟು ಇನ್ನೂ ಅವರ ಹತ್ತಿರವೇ ಇದೆ. ಒಳಗೆ ಟೇಪು ತುಂಡಾಗಿದೆ. ಸ್ಕ್ರೂ ಇರುವ ಥರದ್ದಲ್ಲ, ಅಂಟಿಸಿದ ಡಬ್ಬ, ಒಡೆದು ಟೇಪು ಸುರುಳಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಅವ್ವ, ರಾಗಿ ಬೀಸೋ ಪದ" ಅಂತಿದೆ. ಮೊನ್ನೆ ಫೋನ್ ಮಾಡಿ, ಸರಿಯಾದ ಡಬ್ಬ ಸಿಕ್ಕಿದೆ ಮೇಡಂ, ಶನಿವಾರ ನಿಮ್ಮೆದುರಿಗೇ ಬಿಚ್ಚುತ್ತೇನೆ ಬನ್ನಿ ಅಂದರು. ದೊಡ್ಡತ್ತೆ ನಾನೂ ಬತ್ತೀನಿ ಅಂತ ಕೂತಿದ್ದಾರೆ. ಎರಡನೇ ಮಹಡಿ ಅಂತ ಇನ್ನೂ ಹೇಳಿಲ್ಲ.